ಮುಡಿ ಅಕ್ಕಿಯೂ ಕುಂಪಣಿಯೂ

ಸಹ್ಯಾದ್ರಿಯ ಕಣಿವೆಗಳಿಂದ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಪಶ್ಚಿಮಾಭಿಮುಖವಾಗಿ ಸಾಗುವ ನೇತ್ರಾವತಿಯು ಕಡಲನ್ನು ಸೇರುವುದಕ್ಕೆ ಮುನ್ನ ಎರಡು ಪೇಟೆಗಳ ನಡುವೆ ಹಾದುಹೋಗುತ್ತದೆ. ಬಡಗಣ ದಡದಲ್ಲಿರುವುದು ಪಂಜೆ ಮಂಗೇಶರಾಯರ ಹುಟ್ಟೂರಾದ ಬಂಟ್ವಾಳ. ತೆಂಕಣ ದಡದಲ್ಲಿರುವುದು ಪಾಣೆಮಂಗಳೂರು. ಇಂದು ಹೆದ್ದಾರಿಯ ವಾಹನಗಳು ಹೊಸ ಸೇತುವೆಯ ಮೇಲೆ ಓಡಿ ಕಲ್ಲಡ್ಕ-ಮಾಣಿಗಳ ಕಡೆಗೆ ಹೊರಟುಹೋಗುವುದರಿಂದ, ಪಾಣೆಮಂಗಳೂರಿನ ಹಳೆಯ ಪೇಟೆಯು ಪಯಣಿಗರ ಕಣ್ಣಿಗೆ ಬೀಳುವುದೇ ಅಪೂರ್ವ. ಆದರೆ ರಸ್ತೆಯು ನದಿಗೆ ಅಧೀನವಾಗಿದ್ದ ಕಾಲವೊಂದಿದ್ದಿತು. ಘಟ್ಟದ ಮೇಲಿನಿಂದ ಚಾರ್ಮಾಡಿ, ಶಿರಾಡಿ, ಬಿಸಿಲೆಗಳ ಕಡಿದಾದ ಹಾದಿಯಲ್ಲಿ ಮೆಣಸು, ಏಲಕ್ಕಿ, ಗಂಧದ ಕೊರಡುಗಳನ್ನು ಹೊತ್ತು ಇಳಿಯುತ್ತಿದ್ದ ಹೇರೆತ್ತುಗಳು ಈ ಪ್ರದೇಶದಲ್ಲಿ ಬೆನ್ನಿನ ಭಾರವನ್ನಿಳಿಸಿ, ಉಪ್ಪನ್ನೂ ಒಣಮೀನನ್ನೂ ಹೇರಿಕೊಂಡು ಮರಳುತ್ತಿದ್ದವು. ಇಲ್ಲಿಂದ ಮುಂದೆ ಮಂಗಳೂರಿನ ಅಳಿವೆಯವರೆಗೂ ಸರಕು ದೋಣಿಯ ಪಾಲು.

ಆ ದೋಣಿಗಳು ಹೊರುತ್ತಿದ್ದ ಸರಕುಗಳಲ್ಲಿ ಮೊದಲನೆಯದು ಅಕ್ಕಿ. ಮೆಣಸಿಗೂ ಗಂಧಕ್ಕೂ ಕೀರ್ತಿ ಹೆಚ್ಚು. ಆದರೆ ತುಳುನಾಡಿನ ಬೊಕ್ಕಸವನ್ನು ತುಂಬಿದುದು ಬೈಲು-ಮಜಲುಗಳ ಭತ್ತವೇ. ಮಳೆಗಾಲದ ಬೆಳೆಯಾದ ಏಣೆಲಿನ ಕೊಯ್ಲು ಮುಗಿದು, ಭತ್ತವನ್ನು ಬೇಯಿಸಿ, ಒಣಗಿಸಿ, ಕುಟ್ಟಿ ಕುಚ್ಚಲಕ್ಕಿ ಮಾಡಿದ ಬಳಿಕ, ಅಂಗಳದಲ್ಲಿ ಬೈಹುಲ್ಲನ್ನು ವರ್ತುಲಾಕಾರವಾಗಿ ಹರಡಿ, ನಡುವೆ ಅಕ್ಕಿಯನ್ನು ಸುರಿದು, ಹುಲ್ಲಿನ ತುದಿಗಳನ್ನು ಮೇಲೆತ್ತಿ ಕಟ್ಟಿ, ಬೈಹುಲ್ಲಿನದೇ ಹಗ್ಗವನ್ನು ಸುತ್ತಿ ಬಿಗಿದು, ಮರದ ಕೊಡತಿಯಿಂದ ಸುತ್ತಲೂ ಬಡಿಬಡಿದು ಗುಂಡಗೆ ಮಾಡಿದರೆ ಅದೊಂದು ಮುಡಿ. ಕಟ್ಟಿದ ಕೈ ನುರಿತದ್ದಾಗಿದ್ದರೆ ಮುಡಿಯಿಂದ ಒಂದು ಕಾಳೂ ಉದುರದು, ಮಳೆಗಾಲದ ತೇವ ಒಳಹೊಗದು, ಅಟ್ಟದ ಮೇಲೆ ವರ್ಷ ಕಳೆದರೂ ಹುಳು ಹಿಡಿಯದು. ಗೇಣಿಯ ಲೆಕ್ಕವೂ ಮುಡಿಯಲ್ಲಿಯೇ, ಸಾಲದ ಲೆಕ್ಕವೂ ಮುಡಿಯಲ್ಲಿಯೇ. ಕಾರ್ಖಾನೆಯ ಗೋಣಿಚೀಲ ಬರುವುದಕ್ಕೆ ಬಹುಕಾಲ ಮೊದಲೇ ಈ ನಾಡಿನ ಒಕ್ಕಲು ಕಡಲ ಪ್ರಯಾಣಕ್ಕೆ ಯೋಗ್ಯವಾದ ಕಟ್ಟನ್ನು ಕಂಡುಕೊಂಡಿದ್ದನೆಂಬುದು ಸಾಮಾನ್ಯವಾದ ಸಂಗತಿಯಲ್ಲ.

ಈ ಅಕ್ಕಿಯನ್ನು ಉಣ್ಣುವವರು ದೂರದೂರದಲ್ಲಿದ್ದರು. ಬೆಳೆ ಸಾಲದ ಮಲಬಾರು, ಪೋರ್ಚುಗೀಸರ ಗೋವೆ, ಹೊಲವೆಂಬುದೇ ವಿರಳವಾದ ಅರಬರ ಮಸ್ಕತ್ತು, ಇವೆಲ್ಲ ಕನ್ನಡ ಕರಾವಳಿಯ ಅಕ್ಕಿಯ ಹಂಗಿನಲ್ಲಿದ್ದವು. ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿಯೂ, ಮರುವರ್ಷ ಹೊನ್ನಾವರ-ಬಸರೂರುಗಳಲ್ಲಿಯೂ ಕೋಟೆ ಹಾಕಿಕೊಂಡುದಕ್ಕೆ ಮೆಣಸಿನ ಆಸೆಯಷ್ಟೇ ಅಕ್ಕಿಯ ಅವಶ್ಯಕತೆಯೂ ಕಾರಣ. ತಮ್ಮ ರಹದಾರಿಚೀಟಿಯಿಲ್ಲದ ಹಡಗು ಕಡಲಲ್ಲಿ ಚಲಿಸಕೂಡದೆಂಬ ಕಟ್ಟಳೆಯನ್ನು ಅವರು ಮಾಡಿದ್ದರಷ್ಟೆ. ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಆ ಮೂರು ಕೋಟೆಗಳನ್ನೂ ಕಸಿದುಕೊಂಡು ಈ ಕಟ್ಟಳೆಯ ಬೆನ್ನೆಲುಬನ್ನು ಮುರಿದನು. ಆದರೂ ಅವನ ತರುವಾಯದ ನಾಯಕರು ಅದೇ ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ಮತ್ತೆ ಕೋಠಿ ಕಟ್ಟಲು ಒಪ್ಪಿಗೆ ಕೊಡಬೇಕಾಯಿತು; ಗೋವೆಗೆ ಅಕ್ಕಿ ಬೇಕು, ಕೆಳದಿಗೆ ಹಣ ಬೇಕು. ಒಬ್ಬ ಅರಸನು ವ್ಯಾಪಾರದ ಒಂದು ವಲಯದಿಂದ ತನ್ನ ನಾಡನ್ನು ಹೊರತೆಗೆದಾಗ, ಆ ವಲಯವನ್ನೇ ನಂಬಿ ಅಲ್ಲಿ ಅಂಗಡಿ ತೆರೆದಿದ್ದ ಪರದೇಶದ ವರ್ತಕಸಂಸ್ಥೆಗಳಿಗೆ ಏನಾಗುತ್ತದೆಂಬ ಪ್ರಶ್ನೆಗೆ ಈ ನಾಡು ಕೊಟ್ಟ ಮೊದಲ ಉತ್ತರವಿದು. ಎರಡನೆಯ ಉತ್ತರವು ಒಂದೂಕಾಲು ಶತಮಾನದ ಅನಂತರ ಬಂದಿತು. ಅದು ಇಷ್ಟು ಸರಳವಾಗಿರಲಿಲ್ಲ.

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಅದರೊಡನೆ ಕರಾವಳಿಯೂ ದಕ್ಕಿತು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯು, ನಮ್ಮ ಹಿರಿಯರ ಮಾತಿನಲ್ಲಿ ಕುಂಪಣಿಯು, ತಡಮಾಡದೆ ಹೊಸ ಪ್ರಭುವಿನ ಬಾಗಿಲಿಗೆ ಬಂದು ಹೊನ್ನಾವರ-ಮಂಗಳೂರುಗಳಲ್ಲಿ ವ್ಯಾಪಾರದ ಸವಲತ್ತುಗಳನ್ನು ಪಡೆಯಿತು. ನಡುವೆ 1768ರಲ್ಲಿ ಮುಂಬಯಿಯ ಇಂಗ್ಲಿಷರು ಮಂಗಳೂರನ್ನು ಹಿಡಿದು, ಕೆಲವೇ ತಿಂಗಳಲ್ಲಿ ಕಳೆದುಕೊಂಡುದೂ ಆಯಿತು. ವೈರವನ್ನು ಮರೆತವರಂತೆ 1770ರ ಆಗಸ್ಟ್ 8ರಂದು ಉಭಯಪಕ್ಷದವರೂ ಕೂಡಿ ಮಾಡಿಕೊಂಡ ಒಪ್ಪಂದದಲ್ಲಿ ಆ ಸವಲತ್ತುಗಳು ಲಿಖಿತರೂಪದಲ್ಲಿ ದೃಢವಾದವು. ಕುಂಪಣಿಗೆ ಇಲ್ಲಿಂದ ಬೇಕಾಗಿದ್ದುದು ಮೂರು ವಸ್ತು: ಲಂಡನ್ನಿಗೆ ಮೆಣಸು, ಚೀನಾದ ಪೇಟೆಗೆ ಗಂಧ, ಮತ್ತು ಈ ಎರಡನ್ನೂ ಕೊಳ್ಳುವುದಕ್ಕಾಗಿ ತಲಚೇರಿಯಲ್ಲಿ ಕುಳಿತಿದ್ದ ತನ್ನ ಗುಮಾಸ್ತರು, ಸಿಪಾಯಿಗಳು, ಆಶ್ರಿತರು ಇವರೆಲ್ಲರ ಹೊಟ್ಟೆಗೆ ಅಕ್ಕಿ. ಮೊದಲೆರಡಕ್ಕೆ ಬದಲಿ ಮಾರ್ಗಗಳನ್ನು ಹುಡುಕಬಹುದಾಗಿತ್ತು. ಮೂರನೆಯದಕ್ಕೆ ಮಂಗಳೂರಿನಷ್ಟು ಸಮೀಪದ ಕಣಜ ಬೇರೆಯಿರಲಿಲ್ಲ. ಮುಂಬಯಿ, ತಲಚೇರಿ, ಮಂಗಳೂರು, ಹೊನ್ನಾವರಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದ ಈ ವ್ಯವಸ್ಥೆಯೊಳಗೆ ಪಾಣೆಮಂಗಳೂರಿನ ಕಡವಿನಿಂದ ಇಳಿದ ಮುಡಿಯೊಂದು ತಲಚೇರಿಯ ಕೋಟೆಯೊಳಗೆ ಬಿಚ್ಚಿಕೊಳ್ಳುವುದು ಅಸಹಜವಾದ ಸಂಗತಿಯಾಗಿರಲಿಲ್ಲ.

ಎರಡನೆಯ ಮೈಸೂರು ಯುದ್ಧವು ಈ ಸೂತ್ರವನ್ನು ಹರಿಯಿತು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸನ ನೌಕಾಪಡೆಯು ಮಂಗಳೂರಿನ ಮುಂದೆ ಹೈದರನ ಹಡಗುಗಳನ್ನು ಸುಟ್ಟಿತು. 1783ರ ಮಾರ್ಚಿನಲ್ಲಿ ಜನರಲ್ ಮ್ಯಾಥ್ಯೂಸನ ಸೇನೆಯು ಊರನ್ನೇ ಹಿಡಿಯಿತು. ತಂದೆಯ ಮರಣಾನಂತರ ಪಟ್ಟಕ್ಕೆ ಬಂದಿದ್ದ ಟೀಪು ಸುಲ್ತಾನನು ಬಿದನೂರನ್ನು ಮರಳಿ ಗೆದ್ದು, ಘಟ್ಟವಿಳಿದು, ಮೇ ತಿಂಗಳಿನಿಂದ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಒಳಗಿದ್ದ ಕರ್ನಲ್ ಕ್ಯಾಂಬೆಲ್ಲನ ದಂಡು ಹಸಿವಿನಿಂದಲೂ ರೋಗದಿಂದಲೂ ಸವೆದು, 1784ರ ಜನವರಿ 30ರಂದು ಶರಣಾಯಿತು. ಗುಂಡು ಮಾಡಲಾರದುದನ್ನು ಅಕ್ಕಿಯ ಅಭಾವ ಮಾಡಿತು. ಆ ಅಕ್ಕಿಯ ಹೆಸರಿನಲ್ಲಿಯೇ ಪಾಣೆಮಂಗಳೂರಿನಿಂದ ಹೊಳೆಯಗುಂಟ ಕೆಳಗಿರುವ ಫರಂಗಿಪೇಟೆಗೆ ಕೇಡು ಒದಗಿತು. ಅಲ್ಲಿಯ ಕ್ರೈಸ್ತ ಮಠದ ಪಾದ್ರಿ ಮಿರಾಂಡನು ಇಂಗ್ಲಿಷರಿಗೆ ಸಾವಿರ ಮೂಟೆ ಅಕ್ಕಿಯನ್ನು ಒದಗಿಸಿದನೆಂಬ ಆಪಾದನೆ ಬಂದು, ಫೆಬ್ರವರಿಯ ಕೊನೆಯಲ್ಲಿ ಕರಾವಳಿಯ ಕ್ರೈಸ್ತಸಮುದಾಯವನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದುದು ಈ ಜಿಲ್ಲೆಯ ಸ್ಮೃತಿಯಲ್ಲಿ ಇಂದಿಗೂ ಆರದ ಗಾಯ. ಮುತ್ತಿಗೆಯ ಕಾಲದಲ್ಲಿ ಅಕ್ಕಿ ಮಾರುವುದು ವ್ಯಾಪಾರವೋ ದ್ರೋಹವೋ ಎಂಬುದನ್ನು ನಿರ್ಣಯಿಸುವವನು ವರ್ತಕನಲ್ಲ, ಗೆದ್ದವನು. ಇಡಿಯ ಸಮುದಾಯವೊಂದನ್ನು ಅದಕ್ಕಾಗಿ ದಂಡಿಸಿದುದಕ್ಕೆ ಮಾತ್ರ ಯಾವ ಯುದ್ಧನೀತಿಯಲ್ಲಿಯೂ ಸಮರ್ಥನೆ ದೊರೆಯದು.

1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ಅಂಕಿತವಾಯಿತು. ಮದರಾಸಿನಿಂದ ಬಂದ ಸ್ಯಾಡ್ಲಿಯರ್, ಸ್ಟಾಂಟನ್, ಹಡಲ್‌ಸ್ಟನ್ ಎಂಬ ಮೂವರು ಕಮಿಷನರರು ಟೀಪುವಿನ ಪಾಳೆಯದಲ್ಲಿ ಸಾಕಷ್ಟು ಕಾದು ತಂದ ಆ ಪತ್ರದಲ್ಲಿ, ಹೈದರನು ಕೊಟ್ಟಿದ್ದ ವ್ಯಾಪಾರದ ಸವಲತ್ತುಗಳನ್ನು 1770ರ ಒಪ್ಪಂದದಂತೆ ಟೀಪುವು ಮತ್ತೆ ಸ್ಥಿರಪಡಿಸತಕ್ಕುದೆಂಬ ಕಲಮೂ ಇದ್ದಿತು. ಕುಂಪಣಿಯ ಲೆಕ್ಕದಲ್ಲಿ ಇದರಿಂದ ಹಳೆಯ ವಲಯವು ಪುನಃ ಕೂಡಿದಂತಾಯಿತು. ಆದರೆ ಕಾಗದದ ಮೇಲೆ ಕೂಡಿದುದು ಕಡವಿನಲ್ಲಿ ಕೂಡಲಿಲ್ಲ. ಸುಲ್ತಾನನು ಒಪ್ಪಂದವನ್ನು ಹರಿದೊಗೆಯಲಿಲ್ಲ, ಯುದ್ಧವನ್ನೂ ಸಾರಲಿಲ್ಲ. ಮೆಣಸು, ಗಂಧ, ಏಲಕ್ಕಿಗಳನ್ನು ಸರಕಾರದ ಸ್ವಾಮ್ಯವೆಂದು ಸಾರಿ, ಇಂಗ್ಲಿಷರ ನೆಲೆಗಳಿಗೆ ಸರಕು ಹೋಗದಂತೆ ತನ್ನ ಅಧಿಕಾರಿಗಳಿಗೆ ಅಪ್ಪಣೆ ಮಾಡಿ, ಕಡಲ ಕಡೆಗಿನ ಬಾಗಿಲನ್ನು ಪಶ್ಚಿಮಕ್ಕೆ, ಅರಬರ ದಿಕ್ಕಿಗೆ, ತಿರುಗಿಸಿದನು.

ಆ ತಿರುವಿನ ಸ್ವರೂಪವನ್ನು ತಿಳಿಸುವ ಆಧಾರವೊಂದು ನಮಗಿದೆ. ಶ್ರೀರಂಗಪಟ್ಟಣವು ಬಿದ್ದಾಗ ಅರಮನೆಯಲ್ಲಿ ದೊರೆತ ಟೀಪುವಿನ ಪತ್ರಗಳಲ್ಲಿ ಕೆಲವನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿಯು ಅನುವಾದಿಸಿ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಅನುವಾದಕನಿಗೆ ಪತ್ರಗಳನ್ನು ಬರೆದವನ ಮೇಲೆ ಲೇಶಮಾತ್ರವೂ ಪ್ರೀತಿಯಿರಲಿಲ್ಲವೆಂಬುದನ್ನು ಅವನ ಟಿಪ್ಪಣಿಗಳೇ ಸಾರುತ್ತವೆ. ಆದರೂ ಶತ್ರುವಿನ ಕೈಯಿಂದ ಬಂದ ಆ ಪುಟಗಳಲ್ಲಿ ಒಬ್ಬ ವಿಚಿತ್ರ ಉತ್ಸಾಹದ ವರ್ತಕರಾಜನು ಜೀವಂತವಾಗಿ ಎದ್ದು ನಿಲ್ಲುತ್ತಾನೆ. ಮಸ್ಕತ್ತಿನಲ್ಲಿ ಅವನದೊಂದು ಕೋಠಿ, ಅದಕ್ಕೊಬ್ಬ ದರೋಗ. ಆ ದರೋಗನಿಗೆ ಹೋಗುವ ಅಪ್ಪಣೆಗಳಲ್ಲಿ ಗಂಧ, ಮೆಣಸು, ಅಕ್ಕಿಗಳ ಧಾರಣೆಯ ವಿಚಾರಣೆಯುಂಟು, ಬೆಲೆ ಏರುವತನಕ ಸರಕನ್ನು ತಡೆದಿಡುವ ಸೂಚನೆಯುಂಟು. ಜೊತೆಗೆ ರೇಷ್ಮೆಹುಳುವಿನ ಮೊಟ್ಟೆಯನ್ನೂ ಅದನ್ನು ಸಾಕಬಲ್ಲವರನ್ನೂ ಕಳುಹಿಸು, ಕೇಸರಿಯ ಬೀಜವನ್ನು ಕಳುಹಿಸು, ಮುತ್ತು ತೆಗೆಯುವ ಮುಳುಗುಗಾರರನ್ನು ಕರೆತಾ ಎಂಬ ಬೇಡಿಕೆಗಳೂ ಉಂಟು. ಮಸ್ಕತ್ತಿನ ಇಮಾಮನ ಹಡಗುಗಳಿಗೆ ಮಂಗಳೂರಿನಲ್ಲಿ ಸುಂಕದ ರಿಯಾಯಿತಿ ದೊರೆಯಿತು. ಕಚ್ಛದಲ್ಲಿಯೂ ಕೋಠಿಗಳು ತೆರೆದವು. 1786ರಲ್ಲಿ ತದಡಿಯ ಬಂದರಿನಿಂದ ಹೊರಟು ಮಸ್ಕತ್ತು-ಬಸ್ರಾಗಳ ಮಾರ್ಗವಾಗಿ ತುರ್ಕಿಯ ಸುಲ್ತಾನನ ರಾಜಧಾನಿಗೆ ಹೋದ ರಾಯಭಾರಿಗಳು, ಬಸ್ರಾದ ಬಂದರನ್ನು ತಮ್ಮ ಪ್ರಭುವಿಗೆ ಬಿಟ್ಟುಕೊಟ್ಟರೆ ಮಂಗಳೂರಿನ ಬಂದರನ್ನು ಅದಕ್ಕೆ ಪ್ರತಿಯಾಗಿ ಕೊಡುವೆವೆಂಬ ಪ್ರಸ್ತಾಪವನ್ನೂ ಒಯ್ದಿದ್ದರು! ತುರ್ಕಿಯ ಆಸ್ಥಾನವು ಅದಕ್ಕೆ ಒಪ್ಪಲಿಲ್ಲ. ರಾಯಭಾರದ ಹಡಗುಗಳಲ್ಲಿಯೂ ಜನರಲ್ಲಿಯೂ ಬಹುಪಾಲು ಮರಳಿ ಬರಲಿಲ್ಲ.

ತರುವಾಯ 1793-94ರ ಸುಮಾರಿಗೆ ಹೊರಟ ವ್ಯಾಪಾರದ ಕಟ್ಟಳೆಗಳಲ್ಲಿ ಪ್ರಜೆಗಳೂ ಸರಕಾರದ ವ್ಯಾಪಾರದಲ್ಲಿ ಹಣ ತೊಡಗಿಸಬಹುದೆಂದೂ, ಚಿಕ್ಕ ಮೊತ್ತದವನಿಗೆ ಹೆಚ್ಚಿನ ದರದಲ್ಲಿ, ದೊಡ್ಡ ಮೊತ್ತದವನಿಗೆ ಕಡಿಮೆ ದರದಲ್ಲಿ ಲಾಭ ಸಲ್ಲುವುದೆಂದೂ ವಿಧಿಸಿದ್ದಿತು. ಬಡವನ ಐದು ರೂಪಾಯಿಗೂ ರಾಜನ ಹಡಗಿನಲ್ಲಿ ಪಾಲು ಕೊಡುವ ಈ ಯೋಚನೆಯು ಅಂದಿನ ಕುಂಪಣಿಯ ಲಂಡನ್ ಡೈರೆಕ್ಟರುಗಳಿಗೂ ಹೊಳೆದಿರಲಾರದು. ಆದರೆ ಸರಕಾರವೇ ಕೊಳ್ಳುವವನೂ, ಮಾರುವವನೂ, ಸುಂಕದವನೂ ಆದೆಡೆಯಲ್ಲಿ ಒಕ್ಕಲಿಗೆ ಧಾರಣೆ ಚರ್ಚಿಸುವ ಬಾಯಿ ಉಳಿಯುವುದಿಲ್ಲವೆಂಬ ಕೊರತೆಯು ಯೋಚನೆ ಎಷ್ಟೇ ಉದಾರವಾಗಿದ್ದರೂ ನೀಗುವಂತಹುದಲ್ಲ. ಮೊದಲು ಕುಂಪಣಿಯ ದಲ್ಲಾಳಿ, ಗೋವೆಯವನ ದಲ್ಲಾಳಿ, ಮಾಪಿಳ್ಳೆ ವರ್ತಕ, ಕೊಂಕಣಿ ಸಾಹುಕಾರ ಹೀಗೆ ನಾಲ್ವರು ಬಂದು ಕೇಳುತ್ತಿದ್ದ ಸರಕನ್ನು ಈಗ ಒಬ್ಬನೇ ದರೋಗನಿಗೆ ಅಳೆದುಕೊಡಬೇಕಾಯಿತು.

ಇನ್ನು ಕುಂಪಣಿಯ ಪಾಡು. ತಲಚೇರಿಯಲ್ಲಿ ಅದಕ್ಕೆ ಕೋಟೆಯಿತ್ತು, ಕಾವಲಿಗೆ ಸಿಪಾಯಿಗಳಿದ್ದರು, ಗೋದಾಮುಗಳಿದ್ದವು. ಅವುಗಳೊಳಗೆ ತುಂಬಲು ಮೆಣಸಿರಲಿಲ್ಲ. ಏಕೆಂದರೆ ಮಲಬಾರಿನ ಬಹುಭಾಗವೂ ಟೀಪುವಿನ ಅಧೀನದಲ್ಲಿಯೇ ಇದ್ದು, ನಿಷೇಧವು ಅಲ್ಲಿಯೂ ಅನ್ವಯವಾಗಿತ್ತು. ಅತ್ತ ಅನತಿದೂರದ ಮಾಹೆಯಲ್ಲಿದ್ದ ಫ್ರೆಂಚರಿಗೆ ಸುಲ್ತಾನನು ಮಿತ್ರ. ಹೀಗೆ ಒಂದು ಪರದೇಶೀ ಸಂಸ್ಥೆಗೆ ಮುಚ್ಚಿದ ಬಾಗಿಲು ಅದರ ಪ್ರತಿಸ್ಪರ್ಧಿಗೆ ಅರೆತೆರೆದಿತ್ತು. ಕುಂಪಣಿಯು ನಾಡಿನ ವರ್ತಕರ ಮೂಲಕ, ಗುಟ್ಟಾಗಿ, ಹೆಚ್ಚಿನ ಬೆಲೆ ತೆತ್ತು ಕೊಂಡ ಮೆಣಸಿನಿಂದ ಕೋಟೆಯ ಖರ್ಚು ಹುಟ್ಟುತ್ತಿರಲಿಲ್ಲ. ನೆಲೆಯನ್ನು ಬಿಟ್ಟುಹೋದರೆ ಮಲಬಾರು ಫ್ರೆಂಚರ ಪಾಲಾದೀತು, ಇಟ್ಟುಕೊಂಡರೆ ನಷ್ಟ; ಬಹುಕಾಲ ಅದು ಈ ಎರಡರ ನಡುವೆ ತೊಳಲಾಡಿತು.

ನಮ್ಮ ಕಾಲದಲ್ಲಿ, 2020ರ ಜನವರಿ 31ರಂದು ಬ್ರಿಟನ್ನು ಐರೋಪ್ಯ ಒಕ್ಕೂಟದಿಂದ ಹೊರಬಂದಾಗ, ಲಂಡನ್ನಿನಲ್ಲಿ ಕುಳಿತು ಇಡಿಯ ಯುರೋಪಿನೊಡನೆ ವ್ಯವಹರಿಸುತ್ತಿದ್ದ ಪರದೇಶದ ಬ್ಯಾಂಕುಗಳು ತಮ್ಮ ಕಚೇರಿಗಳ ಒಂದಷ್ಟು ಭಾಗವನ್ನು ಡಬ್ಲಿನ್ನಿಗೂ ಫ್ರಾಂಕ್‌ಫರ್ಟಿಗೂ ಪ್ಯಾರಿಸ್ಸಿಗೂ ಸಾಗಿಸಿದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಮೇಜು-ಕುರ್ಚಿಗಳನ್ನು ಎತ್ತಿಕೊಂಡು ಗಡಿ ದಾಟುವುದು ಇಂದಿನ ಸಂಸ್ಥೆಗೆ ಇರುವ ಉಪಾಯ. ಹದಿನೆಂಟನೆಯ ಶತಮಾನದ ಕುಂಪಣಿಗೆ ಇನ್ನೊಂದು ಉಪಾಯವೂ ಇದ್ದಿತು: ಅದರ ಬಳಿ ಸೈನ್ಯವಿತ್ತು. ಅದು ಗಡಿಯನ್ನು ದಾಟಿ ಹೋಗಬೇಕಾಗಿರಲಿಲ್ಲ, ಗಡಿಯನ್ನೇ ಸರಿಸಬಹುದಾಗಿತ್ತು. ಮೂರನೆಯ ಯುದ್ಧದ ಕೊನೆಯಲ್ಲಿ, 1792ರ ಒಪ್ಪಂದದಂತೆ, ಮಲಬಾರು ಅದರ ಕೈಸೇರಿತು. ಯುದ್ಧಕ್ಕೆ ತಿರುವಾಂಕೂರಿನ ರಕ್ಷಣೆಯೇ ಮೊದಲಾದ ಕಾರಣಗಳನ್ನು ಚರಿತ್ರಕಾರರು ಹೇಳುತ್ತಾರೆ, ಅವು ಸುಳ್ಳಲ್ಲ; ಆದರೆ ಶಾಂತಿಯ ಮೇಜಿನಲ್ಲಿ ಕುಂಪಣಿಯು ಮೆಣಸಿನ ನಾಡನ್ನೇ ಆರಿಸಿಕೊಂಡುದನ್ನು ಕಂಡಾಗ, ಬರಿದಾದ ತಲಚೇರಿಯ ಗೋದಾಮುಗಳು ನನಗೆ ನೆನಪಾಗದೆ ಇರವು.

ಕನ್ನಡ ಕರಾವಳಿಯು ಇನ್ನೂ ಏಳು ವರ್ಷ ಟೀಪುವಿನ ಕೈಯಲ್ಲಿಯೇ ಉಳಿಯಿತು. ಬೆಳ್ತಂಗಡಿಯ ಸಮೀಪದ ಗಡಾಯಿಕಲ್ಲಿನ ನೆತ್ತಿಯ ಮೇಲೆ 1794ರಲ್ಲಿ ಅವನು ಕಟ್ಟಿಸಿದ ಜಮಾಲಾಬಾದಿನ ಕೋಟೆಯನ್ನು ನೋಡಿದವರಿಗೆ, ಘಟ್ಟದ ಹಾದಿಗಳ ಮೇಲೆ ಅವನಿಗಿದ್ದ ಎಚ್ಚರವು ಅರ್ಥವಾಗುತ್ತದೆ. ಆದರೆ ಕೋಟೆಯು ಕಾಯುವುದು ಹಾದಿಯನ್ನು, ಪೇಟೆಯನ್ನಲ್ಲ. ಕೊಡಗಿನ ವೀರರಾಜೇಂದ್ರನು ಇಂಗ್ಲಿಷರ ಮಿತ್ರನಾಗಿ ಘಟ್ಟವಿಳಿದು ನಡೆಸಿದ ದಾಳಿಗಳಲ್ಲಿ ಬಂಟ್ವಾಳವು ಹಾಳಾಗಿ, ಊರಿನ ಅರ್ಧದಷ್ಟು ಜನ ಕೊಡಗಿಗೆ ಒಯ್ಯಲ್ಪಟ್ಟರೆಂದು ಹಳೆಯ ಗೆಜೆಟಿಯರು ಬರೆದಿಡುತ್ತದೆ. ಫರಂಗಿಪೇಟೆಯು ಬರಿದಾಗಿತ್ತು, ಬಂಟ್ವಾಳವೂ ಅರೆಬರಿದಾಯಿತು. ದೊಡ್ಡವರ ವ್ಯಾಪಾರದ ಹಗೆತನದಲ್ಲಿ ಕುಂಪಣಿಗಾದ ನಷ್ಟವು ಲೆಕ್ಕದ ಪುಸ್ತಕದಲ್ಲಿ ಉಳಿದು ಮುಂದೆ ವಸೂಲಾಯಿತು. ನೇತ್ರಾವತಿಯ ದಡದವರಿಗಾದ ನಷ್ಟವನ್ನು ಯಾವ ಒಪ್ಪಂದದ ಕಲಮೂ ತುಂಬಿಕೊಡಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಬಳಿಕ ಕುಂಪಣಿಯು ಕನ್ನಡ ಕರಾವಳಿಯನ್ನು ತನ್ನಲ್ಲಿಯೇ ಇರಿಸಿಕೊಂಡು, ಥಾಮಸ್ ಮನ್ರೋನನ್ನು ಕಲೆಕ್ಟರನಾಗಿ ಕಳುಹಿಸಿತು. ಇಲ್ಲಿಯ ಮಳೆಯನ್ನು ಶಪಿಸುತ್ತಲೇ ಅವನು ನಾಡಿನ ಭೂಹಿಡುವಳಿಯ ಕುರಿತು ಬರೆದ ವರದಿಗಳು ಇಂದಿಗೂ ಅಭ್ಯಾಸಯೋಗ್ಯ. ಅವನ ಬಳಿಕ ತೆಂಕಣ ಭಾಗಕ್ಕೆ ರಾವೆನ್‌ಷಾ ಬಂದನು. 1801ರ ಆರಂಭದಲ್ಲಿ ಕುಂಪಣಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ನನು ಮಂಗಳೂರಿನಿಂದ ಹೊರಟು, ಫರಂಗಿಪೇಟೆಯ ಹಾಳನ್ನು ಕಂಡು, ಬಂಟ್ವಾಳದ ಮೇಲೆ ಮೂಡುಬಿದಿರೆಯ ಕಡೆಗೆ ಹೋದಾಗ, ಊರೂರಿನಲ್ಲಿಯೂ ವಿಚಾರಿಸಿ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ ವ್ಯಾಪಾರದ ಚಿತ್ರವನ್ನು ಓದಿದರೆ ಒಂದು ಸೋಜಿಗ ಕಾದಿರುತ್ತದೆ. ಮಂಗಳೂರಿನ ಮುಖ್ಯ ರಫ್ತು ಅಕ್ಕಿ. ಅದು ಹೋಗುವುದು ಮಸ್ಕತ್ತಿಗೆ, ಮುಂಬಯಿಗೆ, ಗೋವೆಗೆ, ಮಲಬಾರಿಗೆ. ಅದರ ತರುವಾಯ ಅಡಕೆ, ಮೆಣಸು, ಗಂಧ. ಸುಲ್ತಾನನು ಬಲಪಡಿಸಿದ ಮಸ್ಕತ್ತಿನ ಹಾದಿಯನ್ನು ಅವನ ಶತ್ರುಗಳು ಮುಚ್ಚಲಿಲ್ಲ, ಅವನು ಮುಚ್ಚಿದ ಹಳೆಯ ಹಾದಿಗಳೂ ಪೊದೆ ಬೆಳೆದು ಅಳಿದಿರಲಿಲ್ಲ. ಕೋಠಿಗಳು ಹೋದವು, ಬಂದವು. ಉಣ್ಣುವವರು ಮಾತ್ರ ಎಲ್ಲಿದ್ದರೋ ಅಲ್ಲಿಯೇ ಇದ್ದುದರಿಂದ ಮುಡಿಯು ಅವರನ್ನು ಹುಡುಕಿಕೊಂಡು ಹೋಗುತ್ತಿದ್ದಿತು.

ಬದಲಾದವನು ಗಿರಾಕಿ. 1770ರಲ್ಲಿ ಸವಲತ್ತಿಗಾಗಿ ಅರ್ಜಿ ಹಿಡಿದು ನಿಂತಿದ್ದ ಸಂಸ್ಥೆಗೆ ಈಗ ಸವಲತ್ತು ಕೊಡುವವನೂ ತಾನೇ, ಪಡೆಯುವವನೂ ತಾನೇ. ಟೀಪುವಿನ ಸರಕಾರೀ ಸ್ವಾಮ್ಯವನ್ನು ದಬ್ಬಾಳಿಕೆಯೆಂದು ವರ್ಷಗಟ್ಟಲೆ ಹಳಿದ ಕುಂಪಣಿಯು, ಹೊಸ ಶತಮಾನದ ಆರಂಭದ ವರ್ಷಗಳಲ್ಲಿಯೇ ಉಪ್ಪನ್ನು, ಅದರ ಬೆನ್ನಲ್ಲಿಯೇ ಹೊಗೆಸೊಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಘಟ್ಟಕ್ಕೆ ಮರಳುವ ಎತ್ತಿನ ಬೆನ್ನಿಗೆ ಹೇರುತ್ತಿದ್ದ ಉಪ್ಪಿಗೂ ಈಗ ಸರಕಾರದ ಬೆಲೆ. ಅತ್ತ ಇಂಗ್ಲೆಂಡಿನ ಪಾರ್ಲಿಮೆಂಟು 1813ರಲ್ಲಿ ಭಾರತದೊಡನೆ ಕುಂಪಣಿಗಿದ್ದ ವ್ಯಾಪಾರದ ಏಕಾಧಿಕಾರವನ್ನು ತೆಗೆದುಹಾಕಿ, 1833ರ ಕಾಯಿದೆಯಿಂದ ವ್ಯಾಪಾರವನ್ನೇ ನಿಲ್ಲಿಸಿಬಿಡುವಂತೆ ವಿಧಿಸಿತು. ಅಂಗಡಿ ಮುಚ್ಚಿದ 1834ರಲ್ಲಿಯೇ ಅದು ಕೊಡಗನ್ನು ವಶಪಡಿಸಿಕೊಂಡಿತು. ಚಿಕ್ಕವೀರರಾಜನ ಆಳ್ವಿಕೆಗೆ ಸೇರಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರುಗಳ ಮಾಗಣೆಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು.

ಒಂದು ವ್ಯವಸ್ಥೆಯಿಂದ ಕಳಚಿ ಇನ್ನೊಂದಕ್ಕೆ ಜೋಡಿಸಲ್ಪಟ್ಟ ಈ ಮಾಗಣೆಗಳ ಒಕ್ಕಲುಗಳು ಅರಸರ ಕಾಲದಲ್ಲಿ ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸುತ್ತಿದ್ದರು. ಕುಂಪಣಿ ಸರಕಾರವು ನಗದನ್ನು ಕೇಳಿತು. ಕಿಸ್ತಿನ ಗಡುವು ಬಂದಾಗ ಎಲ್ಲರೂ ಒಟ್ಟಿಗೆ ಅಕ್ಕಿ ಮಾರಲು ಹೊರಟರೆ ಧಾರಣೆಯು ಎಲ್ಲಿ ನಿಲ್ಲುವುದೆಂಬುದನ್ನು ಊಹಿಸಲು ಅರ್ಥಶಾಸ್ತ್ರದ ಪಾಂಡಿತ್ಯ ಬೇಡ. ಮುಡಿಯು ಅಗ್ಗವಾಯಿತು, ಸಾಹುಕಾರನ ಬಡ್ಡಿ ಬೆಳೆಯಿತು. 1837ರ ಮಾರ್ಚಿನ ಕೊನೆಯಲ್ಲಿ ಕೊಡಗಿನ ಅರಸರ ವಂಶದವನೆನ್ನಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಡು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರನ್ನು ದಾಟಿ, ಪಾಣೆಮಂಗಳೂರು-ಬಂಟ್ವಾಳಗಳ ಹಾದಿಯಲ್ಲಿ ಬೆಳೆಯುತ್ತ ಸಾಗಿ, ಏಪ್ರಿಲ್ 5ರಂದು ಮಂಗಳೂರನ್ನು ವಶಪಡಿಸಿಕೊಂಡಿತು. ಕಂದಾಯದ ಮಾಫಿಯ ಜೊತೆಗೆ ಉಪ್ಪು-ಹೊಗೆಸೊಪ್ಪುಗಳ ಮೇಲಿನ ಹೇರಿಕೆಯನ್ನು ತೆಗೆಯುವೆವೆಂಬುದೂ ಆ ದಂಡಿನ ಘೋಷಣೆಯಲ್ಲಿ ಸೇರಿತ್ತು. ಎರಡು ವಾರ ತುಂಬುವುದರೊಳಗೆ ಕಣ್ಣಾನೂರಿನಿಂದ ಹಡಗಿನಲ್ಲಿ ಬಂದ ಸೈನ್ಯವು ಊರನ್ನು ಮರಳಿ ಪಡೆಯಿತು, ಮುಂದಾಳುಗಳು ನೇಣಿಗೇರಿದರು. ಅವರು ಯಾರ ಕಚೇರಿಗಳಿಗೆ ಬೆಂಕಿಯಿಟ್ಟರೋ ಆ ಕುಂಪಣಿಯು ಅಷ್ಟು ಹೊತ್ತಿಗೆ ವ್ಯಾಪಾರವನ್ನು ನಿಲ್ಲಿಸಿ ಮೂರು ವರ್ಷಗಳಾಗಿದ್ದವು. ಈ ಕರಾವಳಿಯಲ್ಲಿ ಅದಕ್ಕೆ ಉಳಿದಿದ್ದ ಕಸಬು ಕಂದಾಯ ಎತ್ತುವುದೊಂದೇ.